ಆರ್‌ಬಿ67 ಹೊತ್ತು ಮಾತಂಗ ಬೆಟ್ಟ: ಕತ್ತು ಉಳಿಯಬೇಕು, ಕ್ಯಾಮೆರಾನೂ ಉಳಿಯಬೇಕು

ಪ್ರಶ್ನೆ: ಮಾಮಿಯಾ ಆರ್‌ಬಿ67 ಪ್ರೊ-ಎಸ್ (ಭಾರದ ಫಿಲ್ಮ್ ಕ್ಯಾಮೆರಾ), 50, 90, 180 ಎಂಎಂ ಲೆನ್ಸು, ಎರಡು 120 ಬ್ಯಾಕು (ಫಿಲ್ಮ್ ರೋಲ್ ಕೂರುವ ಹಿಂಭಾಗ), ಟ್ರೈಪಾಡು. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ತೆಗೆದು ವಿಠಲ ದೇವಸ್ಥಾನದವರೆಗೆ ನಡೆದೇ ಹೋಗಬೇಕು. ಈಗಿರೋದು ಒಂದೇ ಭುಜಕ್ಕೆ ಹಾಕೋ ಚೌಕದ ಬ್ಯಾಗು. ಅರ್ಧ ಗಂಟೆಗೆ ಕತ್ತು ಹಿಡಿಯುತ್ತೆ, ಬಲಗೈ ಕಿರುಬೆರಳು ಜುಮ್ ಅನ್ನುತ್ತೆ. ದುಬಾರಿ ಕ್ಯಾಮೆರಾ ಬ್ಯಾಗು ಕೊಳ್ಳಲೇಬೇಕಾ?

ಉತ್ತರ (ಫಿಸಿಯೋಥೆರಪಿಸ್ಟ್): ಬೇಕಿಲ್ಲ ಸರ್. ಮೊದಲು ಲೆಕ್ಕ ಹಾಕಿ. 90 ಎಂಎಂ ಲೆನ್ಸು, ಬ್ಯಾಕು ಸೇರಿ ಕ್ಯಾಮೆರಾನೇ ಸುಮಾರು 2.7 ಕಿಲೋ. ಉಳಿದೆರಡು ಲೆನ್ಸು, ಇನ್ನೊಂದು ಬ್ಯಾಕು ಸೇರಿದರೆ ಮತ್ತೆರಡು ಕಿಲೋಗೂ ಮೇಲೆ. ಹೆಡ್ ಸಮೇತ ಟ್ರೈಪಾಡು 3, ನೀರು 2, ಖಾಲಿ ಬ್ಯಾಗು 2. ಒಟ್ಟು 12 ಕಿಲೋ ಹತ್ತಿರ. ಇದನ್ನು ಹೊರಬೇಕಾದ್ದು ಸೊಂಟದ ಮೂಳೆ, ಭುಜ ಅಲ್ಲ.

ಕತ್ತಿನಿಂದ ಕೈಗಿಳಿಯುವ ನರಗಳ ಗೊಂಚಲು ಕಾಲರ್ ಮೂಳೆಯ ಕೆಳಗೆ ಹಾಯುತ್ತದೆ. ಕಿರಿದಾದ ಪಟ್ಟಿ ಅಲ್ಲೇ ಅದುಮಿದರೆ ಬೆರಳು ಜುಮ್ಮೆನ್ನಬಹುದು. ಬ್ಯಾಗು ಇಳಿಸಿದ ಮೇಲೂ ಹೋಗದಿದ್ದರೆ, ಅಥವಾ ಹಿಡಿತ ಸಡಿಲವಾದರೆ, ಬ್ಯಾಗಿನ ಮಾತು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಗಟ್ಟಿ ಫ್ರೇಮು, ದಪ್ಪ ಸೊಂಟಪಟ್ಟಿ ಇರುವ 40 ಲೀಟರ್ ಟ್ರೆಕ್ಕಿಂಗ್ ಬ್ಯಾಗು, ಒಳಗೆ ಮೆತ್ತನೆಯ ಕ್ಯಾಮೆರಾ ಡಬ್ಬಿ: ಇಷ್ಟು ಸಾಕು. ಆದರೆ ನಿಮ್ಮ ಬೆನ್ನಿನ ಉದ್ದ ಅಳೆಯದೆ ಕೊಳ್ಳಬೇಡಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಸಿ. ನಿಮ್ಮ ಎತ್ತರ ನೋಡಿ ಸೈಜು ಕೊಡುವ ಅಂಗಡಿಯವರ ಮಾತು ಕೇಳಬೇಡಿ.

ಹಾಕುವಾಗ ಎಲ್ಲ ಪಟ್ಟಿ ಸಡಿಲಿಸಿ. ಮೊಣಕಾಲೆತ್ತರದ ಬಂಡೆಯ ಮೇಲಿಟ್ಟು ಅಲ್ಲಿಂದ ಬೆನ್ನಿಗೇರಿಸಿ. ಸೊಂಟಪಟ್ಟಿಯ ನಡುಭಾಗ ಮೂಳೆಯ ಅಂಚಿನ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಅದನ್ನು ಬಿಗಿದ ಮೇಲಷ್ಟೇ ಭುಜದ ಪಟ್ಟಿ ಎಳೆಯಿರಿ, ತಾಗಿದರೆ ಸಾಕು. ಕೊನೆಗೆ ಭುಜದ ಮೇಲಿನ ಸಣ್ಣ ಪಟ್ಟಿಗಳು, ಸುಮಾರು 45 ಡಿಗ್ರಿ ಓರೆಯಲ್ಲಿ ಬ್ಯಾಗನ್ನು ಬೆನ್ನಿಗೆ ಎಳೆಯಬೇಕು. ತೊಡೆಯ ಹೊರಬದಿ ಮರಗಟ್ಟಿದರೆ ಸೊಂಟಪಟ್ಟಿ ಅತಿ ಬಿಗಿ ಅಥವಾ ತೀರಾ ಕೆಳಗಿದೆ ಎಂದರ್ಥ. ಪ್ಯಾಂಟಿನ ಬೆಲ್ಟು, ಜೇಬಿನ ಮೊಬೈಲು ಅದರಡಿ ಸಿಕ್ಕಿಕೊಂಡರೂ ಹೀಗಾಗುತ್ತದೆ.

ಪ್ರಶ್ನೆ: ಒಳಗೆ ಜೋಡಿಸೋದು ಹೇಗೆ? ಕೈಗೆ ಬೇಗ ಸಿಗಲಿ ಅಂತ ಕ್ಯಾಮೆರಾನ ಕತ್ತಿಗೆ ನೇತು ಹಾಕಬಹುದಾ?

ಉತ್ತರ (ಕ್ಯಾಮೆರಾ ರಿಪೇರಿ): ಕತ್ತಿಗೆ ಬೇಡ. ಬಗ್ಗಿದಾಗ ತೂಗಿ ಬಂಡೆಗೆ ಬಡಿಯುತ್ತೆ, ಹಂಪಿಯ ಗ್ರಾನೈಟಿಗೆ ಕರುಣೆ ಇಲ್ಲ. ಇನ್ನೊಂದು ವಿಷಯ: ಪಟ್ಟಿ ಸಿಕ್ಕಿಸಲು ಈ ಬಾಡಿಯ ಪಕ್ಕದಲ್ಲಿರೋದು ಬಳೆ ಅಲ್ಲ, ಲೋಹದ ಗುಂಡಿ. ಅದಕ್ಕೆ ಬೀಗದಂತೆ ಕೂರುವ ಕ್ಲಿಪ್ಪೇ ಬೇಕು. ಸವೆದ ಕ್ಲಿಪ್ಪು ನೇರ ಎಳೆದಾಗ ಗಟ್ಟಿಯಾಗಿಯೇ ಇರುತ್ತೆ, ಪಟ್ಟಿ ತಿರುಚಿದಾಗ ಜಾರುತ್ತೆ. ಹಾಗಾಗಿ ತಿರುಚಿಯೇ ಪರೀಕ್ಷೆ ಮಾಡಿ.

ಕ್ಯಾಮೆರಾ ಡಬ್ಬಿ ಬೆನ್ನಿಗೆ ಅಂಟಿಕೊಂಡು, ಹೆಗಲ ಮೂಳೆಗಳ ಮಟ್ಟದಲ್ಲಿರಲಿ. ಅದರ ಕೆಳಗೆ ಜಾಕೆಟ್ಟು, ಟವಲು. ಹೊರಮೈಗೆ ಭಾರ ಇಟ್ಟರೆ ಬ್ಯಾಗು ಹಿಂದಕ್ಕೆಳೆಯುತ್ತೆ, ನೀವು ಮುಂದಕ್ಕೆ ಬಾಗಿ ನಡೆಯುತ್ತೀರಿ. ಕ್ಯಾಮೆರಾ ಇಡುವ ಮುಂಚೆ ಬೆಲ್ಲೋಸ್ (ಫೋಕಸ್ ಮಾಡುವಾಗ ಹಿಗ್ಗಿ ಕುಗ್ಗುವ ಮಡಿಕೆಯ ಭಾಗ) ಪೂರ್ತಿ ಒಳಗೆಳೆದು ಫೋಕಸ್ ಲಾಕ್ ಮಾಡಿ. ಹೊರಚಾಚಿದ ಬೆಲ್ಲೋಸ್ ಮೇಲೆ ಬ್ಯಾಗಿನ ಒತ್ತಡ ಬಿದ್ದರೆ ಹಳಿ ಕೆಡುತ್ತೆ, ಮಡಿಕೆಯ ಮೂಲೆಯಲ್ಲಿ ಸೂಜಿತೂತು ಬೀಳುತ್ತೆ. ಡಾರ್ಕ್ ಸ್ಲೈಡ್ (ಫಿಲ್ಮಿಗೆ ಬೆಳಕು ತಾಗದಂತೆ ತಡೆಯುವ ತಗಡು) ಒಳಗಿರಲಿ, ಆಗ ಬಟನ್ ಒತ್ತಿಹೋದರೂ ಶಟರ್ ಬೀಳಲ್ಲ. ಪ್ರಿಸಂ (ಕಣ್ಣಿಗೆ ಹಿಡಿದು ನೋಡುವ ಭಾರದ ಫೈಂಡರ್) ಇದ್ದರೆ ಮನೆಯಲ್ಲಿ ಬಿಡಿ, ಮಡಚುವ ಸೊಂಟಮಟ್ಟದ ಫೈಂಡರ್ ಸಾಕು.

ಪ್ರಶ್ನೆ: ಟ್ರೈಪಾಡು ಬ್ಯಾಗಿನ ಪಕ್ಕಕ್ಕೆ ಕಟ್ಟಿ, ಇನ್ನೊಂದು ಪಕ್ಕ ನೀರು ಇಟ್ಟರೆ ಸಮ ಆಗಲ್ವಾ?

ಉತ್ತರ (ಕ್ಯಾಮೆರಾ ರಿಪೇರಿ): ಹತ್ತುವಾಗ ಹೆಚ್ಚುಕಮ್ಮಿ ಸಮ, ನೀರು ಕುಡಿದ ಮೇಲೆ ಓರೆ. ಬ್ಯಾಗಿನ ನಡುವೆ ನಿಲುವಾಗಿ, ಮೇಲೆ ಕೆಳಗೆ ಎರಡು ಕಡೆ ಬಿಗಿಯಿರಿ. ಕತ್ತಲಲ್ಲಿ ಮೆಟ್ಟಿಲು ಹತ್ತುವಾಗ ಅದು ಅಲ್ಲಾಡಿದರೆ ಕಾಲು ತಪ್ಪುತ್ತೆ. ಕ್ಯಾಮೆರಾ ಕೂಡಿಸಿದ ಟ್ರೈಪಾಡನ್ನು ಹೆಗಲ ಮೇಲೆ ಹೊತ್ತು ನಡೆಯೋದಂತೂ ಬೇಡವೇ ಬೇಡ. ನಡೆಯುವ ಅಲುಗಾಟಕ್ಕೆ ಕ್ಯಾಮೆರಾ ಹಿಡಿದಿರುವ ಪ್ಲೇಟಿನ ಸ್ಕ್ರೂ ಸ್ವಲ್ಪಸ್ವಲ್ಪ ಬಿಚ್ಚಿಕೊಳ್ಳಬಹುದು.

ಪ್ರಶ್ನೆ: ಒಂದು ಲೆನ್ಸು ಬಿಡಲೇಬೇಕು ಅಂದ್ರೆ ಯಾವುದು?

ಉತ್ತರ (ಕ್ಯಾಮೆರಾ ರಿಪೇರಿ): ಅದು ಟ್ರೈಪಾಡು ಬಳಸೋಕೆ ಆಗುತ್ತೋ ಇಲ್ವೋ ಅನ್ನೋದರ ಮೇಲೆ ನಿಂತಿದೆ. ವಿಠಲ ದೇವಸ್ಥಾನದೊಳಗೆ ಟ್ರೈಪಾಡು ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೊದಲೇ ಅರ್ಜಿ ಹಾಕಿ. ಸಿಕ್ಕರೆ 180 ಬಿಡಿ, ಮಂಟಪದ ಒಳಗೆ ಅಗಲ ನೋಟದ 50 ಬೇಕಾಗುತ್ತೆ. ಸಿಗದಿದ್ದರೆ ಆ ನೆರಳಲ್ಲಿ 100 ಐಎಸ್‌ಒ ಫಿಲ್ಮಿಗೆ (ಇದಕ್ಕೆ ಹೆಚ್ಚು ಬೆಳಕು ಬೇಕು) ಕೈಯಲ್ಲಿ ಹಿಡಿದು 50 ಬಳಸಿ ಪ್ರಯೋಜನವಿಲ್ಲ, ಅದನ್ನೇ ಬಿಡಿ. ಬೆಟ್ಟದ ತುದಿಯಿಂದ ಕೆಳಗಿನ ಅಚ್ಯುತರಾಯ ದೇವಸ್ಥಾನವನ್ನು ಹತ್ತಿರಕ್ಕೆ ತರಲು 180 ಒಳ್ಳೆಯದು.