ಟಿಸಿ ಇಲ್ಲದಿದ್ದರೆ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುವುದಿಲ್ಲವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆ ಪಕ್ಕ ಕಟ್ಟಡ ಏಳುತ್ತಿದೆ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಕುಟುಂಬವೊಂದು ಅಲ್ಲೇ ಶೆಡ್‌ನಲ್ಲಿದೆ. ಮಗಳಿಗೆ 9 ವರ್ಷ. ಊರಲ್ಲಿ ಒಂದನೇ ಕ್ಲಾಸ್ ಓದಿ ಬಿಟ್ಟಿದ್ದಾಳೆ. ಇಡೀ ದಿನ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಅವನು ಮಲಗಿದಾಗ ಇಟ್ಟಿಗೆ ಚೂರು ಹಿಡಿದು ಗೋಡೆ ಮೇಲೆ ಅಕ್ಷರ ತಿದ್ದುತ್ತಾಳೆ. ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದೆ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ದಾಖಲಾತಿಯೂ ಮುಗಿದಿದೆ, ಮುಂದಿನ ಜೂನ್‌ಗೆ ಬನ್ನಿ ಅಂದರು. ಇದು ಸರೀನಾ?

ವಕೀಲರ ಉತ್ತರ: ಖಂಡಿತ ಸರಿಯಲ್ಲ. ಅವರು ಹೇಳಿದ ಮೂರು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಟಿಸಿ ತಡವಾದರೆ ಅದನ್ನೇ ನೆಪ ಮಾಡಿ ಮಗುವನ್ನು ವಾಪಸ್ ಕಳಿಸುವಂತಿಲ್ಲ (ಸೆಕ್ಷನ್ 5). ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವಂತಿಲ್ಲ (ಸೆಕ್ಷನ್ 14). ಅಂಗನವಾಡಿ ಅಥವಾ ಆಸ್ಪತ್ರೆಯ ದಾಖಲೆ ಆಗುತ್ತದೆ. ಅದೂ ಇಲ್ಲದಿದ್ದರೆ ಅಪ್ಪ-ಅಮ್ಮ ಬರೆದುಕೊಟ್ಟರೂ ಸಾಕು. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಲೇಬೇಕು (ಸೆಕ್ಷನ್ 15).

ಇನ್ನೊಂದು ಮುಖ್ಯ ವಿಷಯ. ಅವಳನ್ನು ಎರಡನೇ ಕ್ಲಾಸಿಗೆ ಹಾಕಲು ಒಪ್ಪಬೇಡಿ. ಸೆಕ್ಷನ್ 4ರ ಪ್ರಕಾರ ವಯಸ್ಸಿಗೆ ತಕ್ಕ ತರಗತಿ ಕೊಡಬೇಕು, ಅಂದರೆ ನಾಲ್ಕನೇ ಕ್ಲಾಸ್. ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಪಡೆಯುವುದು ಅವಳ ಹಕ್ಕು. ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಹುಡುಗಿ ನಾಚಿಕೊಂಡು ಮತ್ತೆ ಶಾಲೆ ಬಿಡುತ್ತಾಳೆ.

ನಾಳೆ ಬರಿಗೈಲಿ ಹೋಗಬೇಡಿ. ಅಮ್ಮನ ಸಹಿ ಅಥವಾ ಹೆಬ್ಬೆಟ್ಟು ಇರುವ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ, ಕಾರಣ ಬರೆದುಕೊಡಿ ಅಂತ ಕೇಳಿ. ಸಾಮಾನ್ಯವಾಗಿ ಅಲ್ಲಿಗೇ ಮಾತು ಬದಲಾಗುತ್ತದೆ. ಇಲ್ಲದಿದ್ದರೆ ಅದೇ ಪ್ರತಿ ಹಿಡಿದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಅವಳ ಅಣ್ಣನಿಗೆ 13. ಐದನೇ ಕ್ಲಾಸಿಗೆ ಬಿಟ್ಟಿದ್ದಾನೆ. 14 ತುಂಬಿದರೆ ಹೊರಗೆ ಹಾಕುತ್ತಾರಂತೆ, ಸುಮ್ನೆ ಯಾಕೆ ಅಂತಾರೆ ಅವರಪ್ಪ.

ವಕೀಲರ ಉತ್ತರ: ಹಾಗೇನೂ ಇಲ್ಲ, ಅವರಿಗೆ ದಯವಿಟ್ಟು ತಿಳಿಸಿ. ಈಗ ಸೇರಿದರೆ 14 ದಾಟಿದ ಮೇಲೂ ಎಂಟನೇ ಕ್ಲಾಸ್ ಮುಗಿಯುವ ತನಕ ಉಚಿತವಾಗಿಯೇ ಓದಬಹುದು. ಅದೂ ಸೆಕ್ಷನ್ 4ರಲ್ಲೇ ಇದೆ. ಹುಡುಗನನ್ನೂ ನಾಳೆಯೇ ಕರೆದುಕೊಂಡು ಹೋಗಿ. ಚಿಕ್ಕ ತಮ್ಮನಿಗೆ 3 ವರ್ಷ ಆಗಿದ್ದರೆ ಅಂಗನವಾಡಿಗೆ ಸೇರಿಸಿ. ಅವನಿಗೆ ಒಂದು ಜಾಗ ಸಿಗದಿದ್ದರೆ, ದಾಖಲಾತಿ ಆದರೂ ಆ ಹುಡುಗಿ ಶಾಲೆಗೆ ಬರಲಾರಳು.