ಶಿಫ್ಟ್ ಒತ್ತಿದರೆ ಮ್ಯಾಕ್ರೋ ಕೆಲಸ ಮಾಡುತ್ತಿಲ್ಲ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ, ಪ್ರೀಸ್ಟ್ ಪಾತ್ರ)

ದೀಪಧಾರಿ: ಒಂದೇ ಮ್ಯಾಕ್ರೋದಿಂದ (ಬಟನ್‌ಗೆ ಬರೆದಿಡುವ ಆದೇಶ) ಮೌಸ್ ಯಾರ ಮೇಲಿದೆಯೋ ಅವರಿಗೆ ಫ್ಲ್ಯಾಶ್ ಹೀಲ್ (ಗುಣಪಡಿಸುವ ಸ್ಪೆಲ್), ಶಿಫ್ಟ್ ಸೇರಿಸಿದರೆ ಪವರ್ ವರ್ಡ್: ಶೀಲ್ಡ್ (ರಕ್ಷಿಸುವ ಸ್ಪೆಲ್). ನನಗೆ ಬೇಕಿರುವುದು ಇಷ್ಟೇ. ಹೀಲ್ ಬರುತ್ತದೆ. ಶಿಫ್ಟ್ ಒತ್ತಿದರೆ ಏನೂ ಇಲ್ಲ, ಕ್ಯಾಮೆರಾ ಬೇರೆ ಜಿಗಿಯುತ್ತದೆ. ನಿನ್ನೆ ಡಂಜನ್‌ನಲ್ಲಿ ಟ್ಯಾಂಕ್ (ತಂಡದ ಮುಂದೆ ನಿಂತು ಏಟು ತಿನ್ನುವವ) ಕಣ್ಣೆದುರೇ ಸತ್ತ. ತಲೆ ಕೆಟ್ಟುಹೋಗಿದೆ.

ಗದೆಯವ: ಮ್ಯಾಕ್ರೋ ತೋರಿಸದಿದ್ದರೆ ಏನು ಹೇಳುವುದು? ಶಿಫ್ಟ್ ಭಾಗ ಮೊದಲಿರಬೇಕು. ಆಟವು ಷರತ್ತುಗಳನ್ನು ಎಡದಿಂದ ಓದುತ್ತದೆ. ಮೊದಲು ಯಾವುದು ಹೊಂದುತ್ತದೆಯೋ ಅಲ್ಲಿಗೇ ನಿಲ್ಲುತ್ತದೆ.

ದೀಪಧಾರಿ: ಶಿಫ್ಟ್ ಮೊದಲೇ ಇದೆ. (ಹೆಲ್ಪ್ ಎಂದರೆ ನಮ್ಮ ಕಡೆಯವರು, ನೋಡೆಡ್ ಎಂದರೆ ಸತ್ತಿಲ್ಲದವರು.)
/ಕಾಸ್ಟ್ [ಮಾಡ್:ಶಿಫ್ಟ್,@ಮೌಸ್‌ಓವರ್,ಹೆಲ್ಪ್,ನೋಡೆಡ್] ಪವರ್ ವರ್ಡ್: ಶೀಲ್ಡ್; [@ಮೌಸ್‌ಓವರ್,ಹೆಲ್ಪ್,ನೋಡೆಡ್] ಫ್ಲ್ಯಾಶ್ ಹೀಲ್

ಗದೆಯವ: ಹಾಗಾದರೆ ಕೀ ಬೈಂಡಿಂಗ್ (ಯಾವ ಕೀಗೆ ಯಾವ ಕೆಲಸ ಎಂಬ ಸೆಟ್ಟಿಂಗ್). ಶಿಫ್ಟ್ ಜೊತೆ 1ರಿಂದ 6 ಒತ್ತಿದರೆ ಆಕ್ಷನ್ ಬಾರ್‌ನ (ಪರದೆಯ ಮೇಲಿನ ಸ್ಪೆಲ್ ಬಟನ್‌ಗಳ ಸಾಲು) ಪುಟ ಬದಲಾಗುವಂತೆ ಆಟದಲ್ಲೇ ಇಟ್ಟಿದ್ದಾರೆ. ಆ ಜೋಡಿಗೆ ಬೇರೆ ಕೆಲಸವಿದ್ದರೆ ಮ್ಯಾಕ್ರೋಗೆ ಸುದ್ದಿಯೇ ಮುಟ್ಟುವುದಿಲ್ಲ. ಅಳಿಸಿ.

ದೀಪಧಾರಿ: ಅಳಿಸಿದೆ. ಹಾಗೆಯೇ ಇದೆ.

ಗದೆಯವ: ಸರಿಯಾಗಿ ಅಳಿಸಿರುವುದಿಲ್ಲ. ಖಾತೆಗೊಂದು, ಪಾತ್ರಕ್ಕೊಂದು ಎಂದು ಬೈಂಡಿಂಗ್ ಬೇರೆ ಬೇರೆ ಇರಬಹುದು. ಮತ್ತೆ ನೋಡಿ.

ಕಾಡುಹಕ್ಕಿ: ಎರಡು ಸ್ಪೆಲ್‌ಗಳನ್ನು ಒಂದೇ ಬಟನ್‌ಗೆ ತುರುಕುವುದೇ ತಪ್ಪು. ಅವಸರದಲ್ಲಿ ಕೈ ತಪ್ಪುತ್ತದೆ. ಎರಡು ಮ್ಯಾಕ್ರೋ ಬರೆಯಿರಿ.

ಗದೆಯವ: ಡ್ರೂಯಿಡ್ ಹೀಲರ್ ಆಡಿದವರು ಹೀಗೆ ಹೇಳುವುದಿಲ್ಲ. ನಾನು 255 ಅಕ್ಷರಗಳ ಮಿತಿಯೊಳಗೇ ಶಿಫ್ಟ್, ಕಂಟ್ರೋಲ್, ಆಲ್ಟ್ ಮೂರನ್ನೂ ಹಿಡಿಸಿದ್ದೇನೆ. ಎಡಗೈ ನಾಲ್ಕು ಕೀಗಳನ್ನು ಬಿಟ್ಟು ಕದಲುವುದಿಲ್ಲ. ಕೀಬೋರ್ಡ್ ಕೂಡ ಮೆಕ್ಯಾನಿಕಲ್, ಸ್ವಿಚ್‌ಗಳನ್ನು ನಾನೇ ಆರಿಸಿ ಕೂರಿಸಿದ್ದು.

ಕಾಡುಹಕ್ಕಿ: ಆಲ್ಟ್ ನಿಮ್ಮ ಮೇಲೆಯೇ ಸ್ಪೆಲ್ ಹಾಕಿಕೊಳ್ಳುವ ಕೀ ಅಲ್ಲವೇ?

ಗದೆಯವ: ಸೆಟ್ಟಿಂಗ್‌ನಲ್ಲಿ ತೆಗೆಯಬಹುದು.

ಬೆಳ್ಳಿಬಾಣ: ದೀಪಧಾರಿ ಅವರೇ, ಶಿಫ್ಟ್ ಬದಲು ಕಂಟ್ರೋಲ್ ಬರೆದರೆ ಶೀಲ್ಡ್ ಬರುತ್ತದೆಯೇ? ನೀವು ಒತ್ತುತ್ತಿರುವುದು ಕೀಬೋರ್ಡ್‌ನ ಕೀಯನ್ನೇ?

ದೀಪಧಾರಿ: ಕಂಟ್ರೋಲ್‌ಗೆ ಬರುತ್ತದೆ! ಒತ್ತುವುದು ಮೌಸ್‌ನ ಪಕ್ಕದ ಬಟನ್. ಹನ್ನೆರಡು ಇವೆ, ಮೊದಲನೆಯದು.

ಬೆಳ್ಳಿಬಾಣ: ಅದು ನಮ್‌ಪ್ಯಾಡ್‌ನ (ಕೀಬೋರ್ಡ್‌ನ ಬಲಗಡೆಯ ಅಂಕಿಗಳ ಗುಂಪು) 1 ಕಳಿಸುತ್ತಿದೆ. ನಮ್‌ಲಾಕ್ ಆನ್ ಇದ್ದಾಗ ಶಿಫ್ಟ್ ಸೇರಿಸಿದರೆ ವಿಂಡೋಸ್ ಅದನ್ನು ಎಂಡ್ ಕೀ ಎಂದು ಓದುತ್ತದೆ. ಶಿಫ್ಟ್‌ನಿಂದ ಬೆರಳು ತೆಗೆದಂತೆಯೂ ಆಟಕ್ಕೆ ಹೇಳುತ್ತದೆ. ಕ್ಯಾಮೆರಾ ಜಿಗಿಯುವುದು ಎಂಡ್‌ನಿಂದಲೇ. ಮೌಸ್‌ನ ತಂತ್ರಾಂಶದಲ್ಲಿ ಆ ಬಟನ್‌ಗಳಿಗೆ ಕೀಬೋರ್ಡ್‌ನ ಮೇಲಿನ ಸಾಲಿನ ಅಂಕಿಗಳನ್ನು ಕೊಡಿ.

ದೀಪಧಾರಿ: ಶೀಲ್ಡ್ ಬಿತ್ತು! ಬಹಳ ಧನ್ಯವಾದ. ಆದರೆ ನನ್ನ ಇನ್ನೊಂದು ಪಾತ್ರ ಪ್ಯಾಲಡಿನ್‌ನಲ್ಲಿ ಇಂಥದೇ ಮ್ಯಾಕ್ರೋ ಹಾಕಿದರೆ ಶಿಫ್ಟ್‌ಗೆ ಬಾರ್‌ನ ಪುಟವೇ ಬದಲಾಗುತ್ತಿದೆ.

ಗದೆಯವ: ನಾನು ಹೇಳಿದ ಬೈಂಡಿಂಗ್ ಅದೇ. ಆ ಪಾತ್ರದಲ್ಲೂ ಅಳಿಸಿ.