ಹಾಡು ತುಳು ಮಾಡುವಾಗ ‘ನಮ್ಮ’ ಹಾಕುದಾ, ‘ಎಂಕ್ಲೆನ’ ಹಾಕುದಾ?

ಘಟ್ಟದ_ಟೀಚರ್:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು, ಮದುವೆಯಾಗಿ ಉಡುಪಿಗೆ ಬಂದು ಇಲ್ಲೇ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿದೀನಿ. ತುಳು ಕೇಳಿದ್ರೆ ಅರ್ಥ ಆಗತ್ತೆ, ಮಾತಾಡೋಕೆ ಅಷ್ಟಕ್ಕಷ್ಟೆ. ಸ್ಕೂಲ್ ಡೇಗೆ ಏಳನೇ ಕ್ಲಾಸ್ ಮಕ್ಕಳು ಒಂದು ಹಿಟ್ ಸಿನಿಮಾ ಹಾಡಿನ ಟ್ಯೂನಿಗೆ ತಾವೇ ಸಾಲು ಕಟ್ಟಿ ಸ್ವಾಗತದ ಹಾಡು ಮಾಡಿದ್ರು, ಪಲ್ಲವಿ ‘ನಮ್ಮ ಊರಿಗೆ ಬನ್ನಿ’ ಅಂತ. ಇದನ್ನೇ ತುಳುವಲ್ಲೂ ಒಂದ್ಸಲ ಹಾಡಿ ಅಂದೆ ನೋಡಿ, ಅಲ್ಲಿಂದ ಜಗಳ. ಅರ್ಧ ಜನ ‘ನಮ್ಮ ಊರುಗು ಬಲೆ’ ಅಂತಾರೆ, ಉಳಿದವರು ‘ಎಂಕ್ಲೆನ ಊರುಗು ಬಲೆ’ ಅಂತಾರೆ. ಒಬ್ಬಳಂತೂ ಎದ್ದು ನಿಂತು ‘ಟೀಚರ್, ಗೆಸ್ಟ್ ಹುಬ್ಬಳ್ಳಿಯವರಲ್ವಾ, ಅವರಿಗೆ ನಮ್ಮ ಊರು ಹೇಗೆ ಆಗ್ತದೆ’ ಅಂತ ಕೇಳಿದ್ಳು. ನನಗೆ ಎರಡೂ ‘ನಮ್ಮ’ನೇ! ಯಾವುದು ಸರಿ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಕುಡ್ಲದವ:
ಆ ಹುಡುಗಿ ಹೇಳಿದ್ದು ಕರೆಕ್ಟ್ ಉಂಟು ಟೀಚರ್. ತುಳುವಿನಲ್ಲಿ ನಾವು ಅಂತ ಹೇಳ್ಲಿಕ್ಕೆ ಎರಡು ಶಬ್ದ, ‘ನಮ’ ಅಂದ್ರೆ ನಾನು ಮತ್ತೆ ಕೇಳ್ತಾ ಇರುವ ನೀವೂ ಸೇರಿ, ‘ಎಂಕುಲು’ ಅಂದ್ರೆ ನಾವು ಮಾತ್ರ, ನೀವು ಅದ್ರಲ್ಲಿ ಇಲ್ಲ. ‘ನಮ್ಮ’, ‘ಎಂಕ್ಲೆನ’ ಕೂಡ ಹಾಗೇ. ಕನ್ನಡದಲ್ಲಿ ‘ನಮ್ಮ ಮೆಟ್ರೋ’ ಅಂತ ಬೋರ್ಡ್ ಹಾಕಿದ್ರೆ ಅದು ಬೆಂಗ್ಳೂರಿನವರದ್ದು ಮಾತ್ರವಾ, ಇಲ್ಲಿಂದ ರಾತ್ರಿ ಬಸ್ಸಿಗೆ ಹೋಗಿ ಇಳಿದವನದ್ದೂ ಹೌದಾ ಗೊತ್ತಾಗುದಿಲ್ಲ, ಅದೇ ‘ನಮ್ಮ ಕುಡ್ಲ’ (ಕುಡ್ಲ ಅಂದ್ರೆ ಮಂಗ್ಳೂರು) ಅಂತ ತುಳುವಿನಲ್ಲಿ ಹೇಳಿದ್ರೆ ಕೇಳುವವನೂ ಕುಡ್ಲದವನೇ ಅಂತ ಲೆಕ್ಕ.

ಕನ್ನಡದಲ್ಲಿ ಈ ಕೆಲ್ಸ ಕ್ರಿಯಾಪದ ಸ್ವಲ್ಪ ಮಾಡ್ತದೆ. ‘ಹೋಗ್ತೇವೆ’ ಅಂದ್ರೆ ನಿಮ್ಮನ್ನು ಬಿಟ್ಟು ಹೋಗ್ಲಿಕ್ಕೂ ಸಾಕು, ‘ಹೋಗುವ’ ಅಂದ್ರೆ ನೀವೂ ಹೊರಡ್ಬೇಕು, ನಿಮ್ಮ ಕಡೆ ಹೋಗೋಣ ಅಂತಾರಲ್ಲ ಅದೇ. ನಮ್ಮ ಪಿಟಿ ಸರ್ ಒಬ್ರು ‘ಮಕ್ಳೇ ಗ್ರೌಂಡ್ ಕ್ಲೀನ್ ಮಾಡುವ’ ಅಂತ ಹೇಳಿ ಮಾವಿನ ಮರದ ನೆರಳಲ್ಲಿ ಕೂತ್ಕೊಳ್ತಿದ್ರು, ವ್ಯಾಕರಣ ಪ್ರಕಾರ ಅವರೂ ಹಿಡಿಸೂಡಿ ಹಿಡಿಬೇಕಿತ್ತು 😄

ವಿಟ್ಲದ_ಮಾಣಿ:
ತುಳು ಮಾತ್ರ ಅಲ್ಲ ಮಾರ್ರೆ, ನಮ್ಮ ಹವ್ಯಕ ಕನ್ನಡದಲ್ಲೂ ಇದುಂಟು. ‘ಎಂಗಳ ಮನೆ’ ಅಂದ್ರೆ ನೀವು ಅಲ್ಲಿಗೆ ನೆಂಟರು. ಮಲಯಾಳದಲ್ಲೂ ಹಾಗೇ, ಞಙ್ಙಳ್ ಬೇರೆ ನಮ್ಮಳ್ ಬೇರೆ. ಟೀಚರ್, ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದವರು ಮಾಡಿದ ತುಳು ನಿಘಂಟು ಉಂಟಲ್ಲ, 6 ಸಂಪುಟದ್ದು, ನೀವು ಉಡುಪಿಯಲ್ಲೇ ಇರುದಲ್ವಾ, ಒಮ್ಮೆ ಮಕ್ಕಳನ್ನು ಕರ್ಕೊಂಡು ಹೋಗಿ ತೋರಿಸಿ.

ಸುರತ್ಕಲ್_ಕೀಬೋರ್ಡ್:
ಅರ್ಥ ಎಲ್ಲ ಸರಿ, ಟ್ಯೂನಿಗೆ ಕೂತ್ಕೊಳ್ಬೇಕಲ್ಲ! ಆರ್ಕೆಸ್ಟ್ರಾದಲ್ಲಿ ಇಂಥ ಹಾಡು ಸುಮಾರು ತಿರುಗಿಸಿದ್ದೇನೆ. ಕನ್ನಡದ ‘ನಾವು’ 3 ಮಾತ್ರೆ, ತುಳುವಿನ ‘ನಮ’ 2, ‘ಎಂಕುಲು’ 4, ಎರಡೂ ಆ ಜಾಗದಲ್ಲಿ ಕೂತ್ಕೊಳ್ಳುದಿಲ್ಲ. ‘ನಮ್ಮ’ ಮಾತ್ರ ಎರಡು ಭಾಷೆಯಲ್ಲೂ ಒಂದೇ, 3 ಮಾತ್ರೆ, ಹಾಗಾಗಿ ಬರಿಯುವವರು ಕಣ್ಣುಮುಚ್ಚಿ ಅದನ್ನೇ ಹಾಕುದು, ‘ಎಂಕ್ಲೆನ’ ಬರ್ಬೇಕಾದ ಕಡೆಯೂ. ಸತ್ಯ ಹೇಳ್ತೇನೆ, ನಾನೂ ಹಾಕಿದ್ದೇನೆ. ಮತ್ತೆ ಸ್ವಾಗತದ ಹಾಡಲ್ಲಿ ‘ನಮ್ಮ’ ಅಂದ್ರೆ ತಪ್ಪು ಅಂತ ನನಗೆ ಕಾಣುದಿಲ್ಲ, ಬಂದವರನ್ನು ಊರಿಗೆ ಸೇರಿಸಿಕೊಂಡ ಹಾಗೆ ಆಗ್ತದೆ.

ಕುಂದಾಪ್ರದೋಳ್:
ಹ್ವಾಯ್, ಚರ್ಚೆ ಲಾಯ್ಕ್ ಇತ್ತ್. ಈಗ ನಾನ್ ಹೇಳಿದ್ ‘ಇತ್ತ್’ ಅಂದ್ರೆ ‘ಇದೆ’ ಅಂತ, ಮುಗ್ದ್ ಹೋದದ್ದಲ್ಲ ಮತ್ತೆ! ಐದನೇ ಕ್ಲಾಸಲ್ಲಿ ಪ್ರಬಂಧಕ್ಕೆ ‘ನಮ್ಮ ಮನೆಯಲ್ಲಿ ಒಂದು ದನ ಇತ್ತು’ ಅಂತ ಬರೆದಿದ್ದೆ. ಟೀಚರ್ ಬಯಲುಸೀಮೆಯವ್ರು, ಪಾಪ, ಹತ್ರ ಕರೆದು ‘ಯಾವಾಗ ಸತ್ತೋಯ್ತಮ್ಮಾ’ ಅಂತ ಕೇಳಿದ್ರು. ನಂಗೆ ಎಂತ ಹೇಳೂದ್ ಗೊತ್ತಾಗ್ಲಿಲ್ಲ, ಬೆಳಿಗ್ಗೆ ಅದರ ಹಾಲಿನ ಕಾಫಿ ಕುಡಿದೇ ಶಾಲೆಗೆ ಹೋದದ್ದು. ಅವತ್ತಿಂದ ನೋಟ್ಸಲ್ಲಿ ‘ಇದೆ’, ಮನೇಲಿ ‘ಇತ್ತ್’. ನಿಮ್ಮ ಹುಡುಗಿಗೆ ಎದ್ದು ಕೇಳುವ ಧೈರ್ಯ ಇತ್ತಲ್ಲ, ಅದೇ ದೊಡ್ಡದು. (ಇದು ಪೇಟೆ ಕನ್ನಡದ ಇತ್ತು!)

ಘಟ್ಟದ_ಟೀಚರ್:
ದನದ ಕಥೆ ಓದಿ ಸ್ಟಾಫ್ ರೂಮಲ್ಲಿ ಒಬ್ಬಳೇ ನಕ್ಕೆ, ಆಮೇಲೆ ನಾನೂ ಎಷ್ಟು ಮಕ್ಕಳ ‘ಇತ್ತು’ಗೆ ಕೆಂಪು ಪೆನ್ ಎಳೆದಿದೀನೋ ಅಂತ ಸ್ವಲ್ಪ ಕಸಿವಿಸಿ ಆಯ್ತು. ಹಾಡಿನ ವಿಷಯ ಮಕ್ಕಳಿಗೇ ಬಿಟ್ಟೆ. ಮೊದಲ ಸಲ ಗೆಸ್ಟ್ ಗೇಟಿಂದ ಬರೋವಾಗ ‘ಎಂಕ್ಲೆನ’, ಅವರಿಗೆ ಮಲ್ಲಿಗೆ ಕೊಟ್ಟು ಕೂರಿಸಿದ ಮೇಲೆ ‘ನಮ್ಮ’ ಅಂತ ಅವರೇ ತೀರ್ಮಾನ ಮಾಡಿದ್ರು. ಆದ್ರೆ ಕೀಬೋರ್ಡಿನವರು ಹೇಳಿದ ಹಾಗೇ ‘ಎಂಕ್ಲೆನ’ ಬಂದಲ್ಲೆಲ್ಲ ತಾಳ ಜಾರತ್ತೆ, ತಬಲಾ ಹುಡುಗ ಸಿಟ್ಟಾಗಿದಾನೆ. ಸರ್, ಶನಿವಾರ ಮಧ್ಯಾಹ್ನ ರಿಹರ್ಸಲ್, ಉಡುಪಿ ಕಡೆ ಬರೋದಿದ್ರೆ ಒಂದರ್ಧ ಗಂಟೆ ಬಂದು ಹೋಗ್ತೀರಾ?